ಗುಮಾಸ್ತರ ಕುರ್ಚಿ ಮತ್ತು ಅಂತರಗಂಗೆ

ಎಲ್ಲಕ್ಕೂ ಕಾರಣ ಒಂದು ನೊಣ. ಪುರಸಭೆಯ ಮೀಟಿಂಗಿನಲ್ಲಿ ದೊಡ್ಡ ಸಾಹೇಬರು, "ಕೆರೆ ತುಂಬಾ ಬೆಳೆದಿರೋ ಅಂತರಗಂಗೆ ತೆಗೆಸೋ ಜವಾಬ್ದಾರಿ ಯಾರು ತಗೋತೀರಿ?" ಎಂದು ಕೇಳಿದ ಗಳಿಗೆಯಲ್ಲೇ ಅದು ಬಂದು ಗುಮಾಸ್ತರ ಕಿವಿಯ ಮೇಲೆ ಕೂರಬೇಕೆ? ಓಡಿಸಲು ಅವರು ಕೈ ಎತ್ತಿದರು. ಉಳಿದವರೆಲ್ಲ ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಕಾಗದಗಳು ಅಲುಗಾಡಿದವು.

ಅಂದಿನಿಂದ ಕಿಟಕಿಯ ಪಕ್ಕದ ಅವರ ಕುರ್ಚಿ ಖಾಲಿ, ಅವರು ಕೆರೆ ದಂಡೆಯ ಪಾಲು. ಗುಮಾಸ್ತರು ಆಸೆಬುರುಕರಲ್ಲ. ಬಡ್ತಿ ಬೇಡ, ಹೊಗಳಿಕೆ ಬೇಡ, ಕೂತು ಕೂತು ತಮ್ಮ ಬೆನ್ನಿನ ಅಳತೆಗೇ ಬಗ್ಗಿದ್ದ ಆ ಕುರ್ಚಿ ಒಂದು ಸಿಕ್ಕರೆ ಸಾಕಿತ್ತು. ಅಂತರಗಂಗೆಯೋ ಇವತ್ತು ಕಿತ್ತಲ್ಲಿ ನಾಳೆ ಹೊಸ ಸಂಸಾರ ಹೂಡುತ್ತಿತ್ತು. ನಾಯಿಯೊಂದು ಅದನ್ನು ನೆಲವೆಂದೇ ನಂಬಿ ಕಾಲಿಟ್ಟು, ಮುಳುಗಿ ಎದ್ದು ಬಂದು, ಗುಮಾಸ್ತರ ಮುಖ ನೋಡಿ ಬೊಗಳಿತ್ತು.

ಈ ದಿನ ಬೆಳಿಗ್ಗೆ ಸಾಹೇಬರು ಫೋನು ಮಾಡಿದರು. "ಸಂಜೆ ಬರ್ತೀನಿ. ನೀರು ಕಂಡರೆ ನಿಮ್ಮ ಕುರ್ಚಿ ನಿಮಗೆ. ಕಾಣದಿದ್ದರೆ ಕೆರೆ ನಿಮಗೆ."

ಕೂಲಿಯವರು ನೀರಿನಲ್ಲಿ ಹಾವಿದೆಯೆಂದು ಬರಲಿಲ್ಲ. ಕರೆಯದವರು ಬಂದರು. ನಿವೃತ್ತ ಡ್ರಿಲ್ ಮೇಷ್ಟ್ರು ಸೀಟಿಯ ಸಮೇತ ಹಾಜರಾದರು. ದಂಡೆಯ ಮೇಲಿನ ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಬಂದ. ಗುಮಾಸ್ತರಿಗೆ ಬುತ್ತಿ ತಂದಿದ್ದ ಅವರ ಅತ್ತಿಗೆ ಅಲ್ಲೇ ಕಲ್ಲಿನ ಮೇಲೆ ಕೂತರು.

"ಶಿಸ್ತು ಬೇಕು ಕಣ್ರೀ," ಎಂದರು ಮೇಷ್ಟ್ರು. "ನೀವು ದೋಣೀಲಿ ಹೋಗಿ ಆ ತುದಿಗೆ ಕೊಕ್ಕೆ ಹಾಕಿ. ನಾನು ಸೀಟಿ ಊದಿದಾಗ ಎಲ್ಲರೂ ಹಗ್ಗ ಎಳೀತಾರೆ."

ಗುಮಾಸ್ತರು ದೋಣಿ ತಳ್ಳಿಕೊಂಡು ಹೋಗಿ ಕೊಕ್ಕೆ ಹಾಕಿದರು. ಹಗ್ಗ ಸುತ್ತಿಕೊಂಡದ್ದು ತಮ್ಮ ಕಾಲಿಗೆ ಎಂಬುದು ಸೀಟಿ ಊದಿದ ಮೇಲೆ ಗೊತ್ತಾಯಿತು. ತಮಾಷೆ ನೋಡಲು ದಂಡೆಯ ಮೇಲೆ ನೆರೆದಿದ್ದ ಬೀದಿಯ ಜನವೆಲ್ಲ ಒಂದೇ ಉಸಿರಿಗೆ ಎಳೆದರು. ಹಗ್ಗ ಬಂತು, ಹಗ್ಗದ ಜೊತೆ ಗುಮಾಸ್ತರೂ ಬಂದರು. ಅಂತರಗಂಗೆ ಅಲ್ಲೇ ಉಳಿಯಿತು.

"ನಾನು ಮೊದಲೇ ಹೇಳಿದ್ದೆ," ಎಂದರು ಅತ್ತಿಗೆ. ಅವರು ಏನೂ ಹೇಳಿರಲಿಲ್ಲ.

ಮಧ್ಯಾಹ್ನದವರೆಗೆ ಹೆಣಗಾಡಿ ಒಂದು ಮೂಲೆಯನ್ನು ಬಿಡಿಸಿಕೊಂಡರು. ಅಷ್ಟರಲ್ಲಿ ಗಾಳಿ ಬೀಸಿ, ಉಳಿದದ್ದೆಲ್ಲ ತೇಲಿಬಂದು ಮೂಲೆಯನ್ನು ಮತ್ತೆ ತುಂಬಿತು. ಗುಮಾಸ್ತರು ತಲೆಯ ಮೇಲೆ ಕೈಹೊತ್ತು ಕೂತರು. ಅವರಿಗೆ ನಿಜಕ್ಕೂ ಅಳು ಬಂದಿತ್ತು.

ಕ್ಷೌರದಂಗಡಿಯವನು ಪಕ್ಕದಲ್ಲಿ ಕುಕ್ಕರಿಸಿದ. "ಎಳೆಯೋದು ಯಾಕೆ ಸ್ವಾಮಿ? ಕತ್ತರಿಸಿದ ಕೂದಲನ್ನ ನಾನೇನು ಹಗ್ಗ ಕಟ್ಟಿ ಎಳೀತೀನಾ? ಕೊಡವಿ ಕೆಳಗೆ ಬಿಡ್ತೀನಿ. ಕೋಡಿ ಹಲಗೆ ತೆಗೀರಿ, ತಾನಾಗೇ ಹರಕೊಂಡು ಹೋಗುತ್ತೆ."

"ಎಲ್ಲಿಗೆ?"

"ಕೆಳಗೆ."

"ಕೆಳಗೆ ಏನಿದೆ?"

"ಏನಿದ್ದರೆ ನಿಮಗೇನು? ಸಾಹೇಬರು ನೋಡೋಕೆ ಬರೋದು ಮೇಲಿನದನ್ನ ತಾನೇ?"

ಗುಮಾಸ್ತರ ಮನಸ್ಸು ಸ್ವಲ್ಪ ಅಳುಕಿತು. ಆಮೇಲೆ ಕುರ್ಚಿ ಕಣ್ಣಮುಂದೆ ಬಂತು. ಎದ್ದು ಹೋಗಿ, ಕೆರೆಯ ಹೆಚ್ಚಿನ ನೀರು ಹೊರಬೀಳುವ ಕೋಡಿಯ ಹಲಗೆಗಳನ್ನು ತಾವೇ ಒಂದೊಂದಾಗಿ ಎತ್ತಿದರು.

ಮೊದಲು ಒಂದು ಗಿಡ ಹೋಯಿತು, ದಾರಿ ನೋಡಿಕೊಂಡು ಬರಲು ಹೋದಂತೆ. ಹಿಂದೆಯೇ ನೆಂಟರಿಷ್ಟರು ಹೊರಟರು. ಸ್ವಲ್ಪ ಹೊತ್ತಿನಲ್ಲಿ ಹಸಿರು ಚಾಪೆಯೆಲ್ಲ ನೇರಳೆ ಹೂವಿನ ಸಮೇತ ತಿರುಗುತ್ತ, ಒಂದನ್ನೊಂದು ನೂಕುತ್ತ ಕೋಡಿ ದಾಟಿ ಕಾಲುವೆಗೆ ಬಿತ್ತು. ಹಲಗೆ ಮತ್ತೆ ಕೂಡಿಸುವ ಹೊತ್ತಿಗೆ ಕೆರೆಯಲ್ಲಿ ಬರೀ ನೀರು, ನೀರಿನಲ್ಲಿ ಆಕಾಶ. ಬೀದಿಯ ಜನ ಬಾಯಿಬಿಟ್ಟುಕೊಂಡು ನೋಡಿದರು. ಮೇಷ್ಟ್ರು ಇದು ಸೀಟಿಯ ಪ್ರಭಾವ ಎಂದರು, ಗುಮಾಸ್ತರು ಸಂತೋಷಕ್ಕೆ ಅದನ್ನೂ ಒಪ್ಪಿಕೊಂಡರು.

ಸಾಹೇಬರು ಸಂಜೆ ನಡೆದೇ ಬಂದರು, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು. ಕೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಭೇಷ್. ಒಂದೇ ದಿನದಲ್ಲಿ ಇಷ್ಟು ಕೆಲಸ. ನಾಳೆಯಿಂದ ಆಫೀಸಿಗೇ ಬನ್ನಿ."

ಗುಮಾಸ್ತರ ಕಣ್ಣು ತುಂಬಿತು. "ನನ್ನ ಕುರ್ಚಿ ಸಾರ್?"

"ನಿಮ್ಮದೇ. ಬರುವಾಗ ಈ ದೋಣಿ, ಕೊಕ್ಕೆ ಎರಡೂ ತನ್ನಿ."

"ಆಫೀಸಿಗೆ ದೋಣಿ ಯಾಕೆ ಸಾರ್?"

"ಮಧ್ಯಾಹ್ನ ಎಲ್ಲಿಂದಲೋ ರಾಶಿ ಅಂತರಗಂಗೆ ತೇಲಿಬಂದು ಆಫೀಸ್ ಹಿಂದಿನ ಮೋರಿ ಕಟ್ಟಿಕೊಂಡಿದೆ. ನೀರೆಲ್ಲ ಕಿಟಕಿಯಿಂದ ಒಳಗೆ ನುಗ್ತು. ನಿಮ್ಮ ಕುರ್ಚಿ ಅದರ ಅಡೀಲಿ ಎಲ್ಲೋ ಇದೆ, ನೀವೇ ಹುಡುಕಿಕೊಳ್ಳಬೇಕು. ಈ ಕೆಲಸಕ್ಕೆ ನಿಮ್ಮನ್ನ ಬಿಟ್ಟರೆ ಇನ್ಯಾರಿದ್ದಾರೆ ಹೇಳಿ?"

ಮೇಷ್ಟ್ರು ಆಕಾಶ ನೋಡತೊಡಗಿದರು. ಕ್ಷೌರದಂಗಡಿಯವನು ಮಾತ್ರ ಧೈರ್ಯಗೆಡಲಿಲ್ಲ. "ಸಾರ್, ಆ ಮೋರಿ ಬಿಡಿಸಿದರೆ ನೀರು ಮುಂದೆ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದ.

"ಮುಂದಕ್ಕಾ?" ಸಾಹೇಬರು ಒಂದು ಕ್ಷಣ ಯೋಚಿಸಿದರು. "ನಮ್ಮ ಗುಮಾಸ್ತರ ಮನೆ ಹಿತ್ತಲಿಗೆ."