ಸುರಪುರದ ಕಡೆ ನೋಡುತ್ತ ಕೂತ ಕಾಟಾ

ಶಹಾಪುರದ ಒಂದು ಹತ್ತಿ ಗಿರಣಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹೆಂಗಸು ನಾನು. ಇಲ್ಲಿ ಏನೇ ನಿಧಾನವಾದರೂ ಮೊದಲು ಯಂತ್ರವನ್ನು ಬೈಯುತ್ತಾರೆ, ಆಮೇಲೆ ನನ್ನನ್ನು. ಎರಡನ್ನೂ ನಾನು ಒಪ್ಪುವವಳಲ್ಲ. ಅದಕ್ಕೇ ಇಂಥ ಪ್ರಸಂಗಗಳು ನನ್ನ ಬೆನ್ನು ಬಿಡುವುದಿಲ್ಲ.

ಚಹಾದ ಹೊತ್ತು

ಲಾರಿ ತೂಗುವ ಕಾಟಾಕ್ಕೆ ಒಂದು ಪ್ರೋಗ್ರಾಂ ಇದೆ. ಕರಿ ಪರದೆಯ ಮೇಲೆ ಅದರ ಹೆಸರು ಬರೆದು ಎಂಟರ್ ಒತ್ತಿದರೆ ತೂಕದ ಚೀಟಿ ಬರಬೇಕು. ಅದೋ, ಪ್ರತಿ ಲಾರಿಗೂ ಏಳಲು ಹೊತ್ತು ಮಾಡುತ್ತಿತ್ತು. ಡ್ರೈವರುಗಳು ಚಹಾ ಕುಡಿದು ಬರುತ್ತಿದ್ದರು.

ಗಿರಣಿಯ ಮಾಲೀಕರಾದ ಸಾವಕಾರರು ರೇಗಿದರು. "ಸಂಜಿತನಕ ಸರಿ ಆಗ್ಲಿಲ್ಲಂದ್ರ ನಿಮ್ಮ ಜಾಗಾಕ್ಕ ಹೈದರಾಬಾದಿನವನ್ನ ಕರಸ್ತೀನಿ. ಹೊಸಾ ಕಂಪ್ಯೂಟರೂ ತರ್ತಾನ."

"ತರ್ಲಿ ಬಿಡ್ರಿ. ಅದೂ ಹಿಂಗ ಕೂಡ್ತೈತಿ," ಅಂದೆ.

ಗೇಟಿನ ಚಹಾದಂಗಡಿಯವನು ಓಡಿ ಬಂದ. "ಅಕ್ಕೋರ, ಸರಿ ಮಾಡಬ್ಯಾಡ್ರಿ. ನನ್ನ ಅಂಗಡಿ ನಡಿಯೋದ ಅದರ ಮ್ಯಾಲ."

ಒಳಮಾತು

ಪ್ರೋಗ್ರಾಂ ಎಂಬುದು ಪ್ರತಿಯೊಂದನ್ನೂ ಕಂಪ್ಯೂಟರನ್ನು ಕೇಳಿಯೇ ಮಾಡಬೇಕು: ಈ ಫೈಲು ತೆಗೆ, ಅದನ್ನು ಓದು, ಆಚೆಯ ಕಂಪ್ಯೂಟರನ್ನು ಮಾತಾಡಿಸು. ಆ ಕೇಳಿಕೆಗಳನ್ನೆಲ್ಲ ಸಾಲಾಗಿ ತೋರಿಸುವ ಸಾಧನ ನನ್ನ ಹತ್ತಿರವಿತ್ತು. ಅದನ್ನು ಹಚ್ಚಿದೆ. ಪರದೆ ತುಂಬ ಸಾಲುಗಳು ಓಡಿದವು.

"ಏನ್ರೀ ಇದು?" ಸಾವಕಾರರಿಗೆ ಗಾಬರಿ.

"ನಿಮ್ಮ ಪ್ರೋಗ್ರಾಂ ಒಳಗೊಳಗ ಏನೇನು ಕೇಳಾಕತ್ತೈತಿ ಅಂತ ನೋಡಾಕತ್ತೀನ್ರಿ."

ಸಾವಕಾರರು ಎದ್ದು ಬಾಗಿಲು ಹಾಕಿ ಬಂದರು. "ಸಣ್ಣಗ ಓದ್ರಿ. ಹೊರಗ ಮಂದಿ ಐತಿ."

ಅಣ್ಣನ ಅಪ್ಪಣೆ

ಓಡುತ್ತಿದ್ದ ಸಾಲುಗಳು ಒಂದು ಕಡೆ ಗಕ್ಕನೆ ನಿಂತವು. ಪ್ರೋಗ್ರಾಂ ಇನ್ನೊಂದು ಕಂಪ್ಯೂಟರನ್ನು ಕರೆದು ಉತ್ತರಕ್ಕೆ ಕಾಯುತ್ತಿತ್ತು. ಕಾದು ಕಾದು ಸಾಕಾಗಿ ಮುಂದಿನ ಕೆಲಸ ಹಿಡಿಯಿತು. ಕರೆದ ವಿಳಾಸ ಸುರಪುರದ್ದು, ಸಾವಕಾರರ ಅಣ್ಣನ ಅಂಗಡಿಯದು. ಅಣ್ಣ ವ್ಯಾಪಾರ ಬಿಟ್ಟು, ಕಂಪ್ಯೂಟರಿಗೆ ಟವೆಲ್ ಹೊದಿಸಿ ವರ್ಷಗಳೇ ಆಗಿವೆ.

"ಈ ವಿಳಾಸ ಯಾರು ಹಾಕಿಸ್ಯಾರ್ರೀ?"

"ನಾನ ಹಾಕಿಸೀನಿ. ನಮ್ಮ ಮನ್ಯಾಗ ಅಣ್ಣನ್ನ ಕೇಳಲಾರದ ಯಾವ ಕೆಲಸಾನೂ ಶುರು ಮಾಡಂಗಿಲ್ಲ. ಅವ ಉತ್ತರ ಕೊಡದಿದ್ರೂ ನಡೀತೈತಿ, ಕೇಳೋದು ಮಾತ್ರ ಬಿಡಬ್ಯಾಡ ಅಂತ ಪ್ರೋಗ್ರಾಂ ಬರದಾವಗ ಹೇಳಿದ್ದೆ."

ಮರ್ಯಾದೆ ಇವರ ಅಣ್ಣನದು, ಕೆಲಸ ಹೋಗುವುದು ನನ್ನದು. ಆ ವಿಳಾಸ ಅಳಿಸಿ ಎಂಟರ್ ಒತ್ತಿದೆ. ಡ್ರೈವರ್ ಲಾರಿಯಿಂದ ಇಳಿಯುವ ಮೊದಲೇ ಚೀಟಿ ಬಂತು.

"ಚಲೋ ಆತು," ಎಂದರು ಸಾವಕಾರರು. "ಆದ್ರ ಅಣ್ಣನ್ನ ಒಂದು ಮಾತು ಕೇಳಿ ತೆಗೀಬೇಕಿತ್ತು."

ಅಲ್ಲೇ ಫೋನ್ ಹಚ್ಚಿದರು. ಗಂಟೆ ಹೊಡೆಯಿತು, ಅಣ್ಣ ಎತ್ತಲಿಲ್ಲ. ಇವರು ಕಿವಿಗೆ ಫೋನ್ ಇಟ್ಟುಕೊಂಡು ಅಲುಗಾಡದೆ ನಿಂತರು. ಹೊರಗೆ ಮುಂದಿನ ಲಾರಿ ಹಾರ್ನ್ ಹೊಡೆಯುತ್ತಿತ್ತು. ಫೋನು ತಾನೇ ಕಟ್ಟಾದ ಮೇಲೆ "ಇರ್ಲಿ, ನಡೀಲಿ" ಎಂದು ಕುರ್ಚಿಗೆ ಬಂದರು.

"ಹೈದರಾಬಾದಿನವನ್ನ ಕರಸ್ರಿ ಸಾವಕಾರ್ರ," ಅಂದೆ. "ಪ್ರೋಗ್ರಾಂ ನಾ ಸರಿ ಮಾಡೀನಿ. ನಿಮ್ಮನ್ನ ಸರಿ ಮಾಡಾಕ ಅವನ ಬೇಕು."