ಆಫ್ರಿಕಾದಾಗ ಬೀಜದ ಸುದ್ದಿ ತೆಗೀಬಾರದು

ಬೀಜದ ವ್ಯಾಪಾರಿ ಕೈ ಹಿಡದಾಕಿ ನಗೂ ಸುದ್ದಿ ಹುಡಿಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ ನೋಡ್ರಿ. ಮದವಿ ಮನಿ, ಸಾವಿನ ಮನಿ, ಬಸ್ಸು, ರೈಲು, ಎಲ್ಲಿ ಇದ್ರೂ ಅವು ತಾವ ಬಂದು ಕೊರಳಿಗೆ ಬೀಳ್ತಾವು. ಹಲಗೇರ್ಯಾಗ ಒಂದು ಮದವಿ. ಎಲ್ಲಾರೂ ಮದುಮಕ್ಕಳ ಮ್ಯಾಲೆ ಅಕ್ಕಿಕಾಳು ಹಾಕಿದ್ರು. ನಮ್ಮನಿಯವರು ಮಾತ್ರ ಅಂಗೈಯಾಗ ಕಾಳು ತಿಕ್ಕಿ, ಬೆಳಕಿಗೆ ಹಿಡದು, ಇದು ಯಾವ ತಳಿ ಅಂತ ಮದುಮಗಳ ಅಪ್ಪಗ ತಿಳಿಸಿ ಹೇಳಾಕ ಹೋದ್ರು. ಪಾಪ ಆ ಮನಷ್ಯಾ ಮಗಳನ್ನ ಕಳಸೂ ದುಃಖದಾಗಿದ್ದ. ಇವರು ಕೈಯಾಗಿನ ಕಾಳು ಕಿಸೆದಾಗ ಹಾಕ್ಕೊಂಡು ಮನಿಗೆ ಬಂದ್ರು.

ಇಂಥಾ ಮನಷ್ಯಾರ ಜೋಡಿ ನಾ ಆಫ್ರಿಕಾಕ್ಕ ಹೋಗಿ ಬಂದೆ.

ಶರತ್ತು

ನಮ್ಮದು ರಾಣೆಬೆನ್ನೂರಾಗ ಬೀಜದ ಅಂಗಡಿ. ಮಾರಾಟದ ಗುರಿ ಮುಟ್ಟಿದ ವ್ಯಾಪಾರಸ್ಥರನ್ನ ಕಂಪನಿಯವರು ವರ್ಷಾ ಎಲ್ಲಿಗರ ತಿರಗ್ಯಾಡಸ್ಕೊಂಡು ಬರ್ತಾರ. ಈ ಸಲ ಆಫ್ರಿಕಾದ ಕಾಡು ಮತ್ತ ಜಲಪಾತ. ದೊಡ್ಡ ಗುಂಪಲ್ಲ, ಮೂರ ಜೋಡಿ ಅಷ್ಟ. ನಾವಿಬ್ಬರು. ಬ್ಯಾಡಗಿಯಾಗ ಮೆಣಸಿನಕಾಯಿ ಬೀಜಾ ಮಾರೂ ಸಾಹುಕಾರ್ರು, ಅವರ ಮನಿಯವರು. ಹಾವೇರಿಯ ಒಬ್ಬ ವ್ಯಾಪಾರಿ, ಅವರು ಹೋಗೂತನ ಬರೂತನ ನಿದ್ದಿ ಮಾಡಿದ್ರು, ಅವರ ಸುದ್ದಿ ಬಿಡ್ರಿ. ಅವರ ಹೆಂಡ್ತಿ ಸಾಲ್ಯಾಗ ಕಲಿಸಿ ರಿಟೈರ್ ಆದವರು, ಹಂಗಾಗಿ ನಾವೆಲ್ಲಾ ಅವರಿಗೆ ಅಕ್ಕೋರು ಅಂತಿದ್ವಿ.

ನಮ್ಮ ಮಗಳು ಕೃಷಿ ಪದವಿ ಮುಗಿಸಿ ಮನ್ಯಾಗ ಇದ್ಲು. ಆಕಿಗೆ ನೌಕರಿ ಬ್ಯಾಡ, ಅಪ್ಪನ ಅಂಗಡಿ ಬೇಕು. ಇವರದು ಒಂದ ಹಾಡು: ಅಂಗಡ್ಯಾಗ ಧೂಳು, ಹಮಾಲರ ಗದ್ದಲ, ಮುಂಜಾನಿಂದ ಸಂಜೀತನ ಮಂದಿ ಜೋಡಿ ಗುದ್ದಾಟ, ಹೆಣ್ಣಹುಡುಗಿಗೆ ಯಾಕ ಬೇಕು ಇದೆಲ್ಲಾ. ಆಕಿ ಅತ್ತಳು, ಊಟಾ ಬಿಟ್ಲು, ಮಾತು ಬಿಟ್ಲು. ಇವರು ಜಗ್ಗಲಿಲ್ಲ. ನನಗ ಸಿಟ್ಟು ನೆತ್ತಿಗೇರಿತ್ತು.

ಪೆಟಗಿ ತುಂಬೂ ಮುಂದ ನಾ ಅಂದೆ, "ನೀವು ಈ ಪ್ರವಾಸ ಮುಗಿಯೂತನ ಬೀಜದ ಸುದ್ದಿ ಬಾಯಾಗ ತಂದ್ರ, ಬಂದ ಮರುದಿನಾ ಮಗಳು ಅಂಗಡಿ ಗಲ್ಲಾದ ಮ್ಯಾಲೆ ಕುಂದರಬೇಕು. ತರದಿದ್ರ, ನಾನೂ ಆಕಿನೂ ಈ ಮಾತು ಜನ್ಮಾ ಎತ್ತೂದಿಲ್ಲ."

ಅವರು ನಕ್ಕು, ಇಷ್ಟ ಹೌದಲ್ಲೋ, ಅಂತ ಕೈ ಮ್ಯಾಲೆ ಕೈ ಹೊಡದ್ರು. ರೈಲಿನಾಗ ಅಕ್ಕೋರಿಗೆ ವಿಷಯ ತಿಳಿಸಿ ಅವರನ್ನ ಪಂಚರು ಮಾಡಿದ್ವಿ. ರೈಲು ಊರು ದಾಟಿದ್ದ ತಡಾ, ಎರಡೂ ಕಡೆ ಬೆಳಿ ಎದಿಮಟ ನಿಂತಿತ್ತು. ಇವರು ಎದ್ದು ಕಿಡಕಿ ಹಾಕಿದ್ರು.

ಬಿಳಿ ಗೋವಿನಜೋಳ

ನಾವು ಇಳದದ್ದು ಟೆಂಟಿನಾಗ. ಟೆಂಟು ಅಂದ್ರ ಸರ್ಕಸ್ಸಿನವರದು ಅನ್ಕೋಬ್ಯಾಡ್ರಿ. ಒಳಗ ಮಂಚ, ಮಂಚದ ಮ್ಯಾಲೆ ಹೂವಿನ ಪಕಳಿ, ಸ್ನಾನಕ್ಕ ಎಮ್ಮಿ ಮಲಗೂವಷ್ಟು ದೊಡ್ಡ ತೊಟ್ಟಿ. ನೀರಾಗ ಕುಂತು ಕಿಡಕಿ ಹೊರಗ ಜಿಂಕಿ ನೋಡಬಹುದಿತ್ತು. ಜಿಂಕಿನೂ ನಮ್ಮನ್ನ ನೋಡಬಹುದಿತ್ತು, ಹಿಂಗಾಗಿ ನಾ ಸೀರಿ ಉಟಗೊಂಡ ಸ್ನಾನಾ ಮಾಡಿದೆ.

ಮೊದಲನೇ ದಿನಾ ನಾಷ್ಟಾಕ್ಕ ಬೆಳ್ಳಗ, ಗಟ್ಟಿಗೆ, ಮುದ್ದಿ ಹಂಗ ಒಂದು ಪದಾರ್ಥ ತಂದಿಟ್ರು. ನಮಗ ರೊಟ್ಟಿ ಹೆಂಗೋ ಅಲ್ಲಿ ಮಂದಿಗೆ ಅದು ಹಂಗಂತ. ಬಡಿಸೂವ ಹುಡುಗಿ ಅದು ಗೋವಿನಜೋಳದ ಹಿಟ್ಟು ಅಂತ ಹೇಳಿದ್ಲು, ಅಕ್ಕೋರು ನಮಗೆಲ್ಲಾ ಕನ್ನಡದಾಗ ತಿಳಿಸಿದ್ರು. ನಮ್ಮನಿಯವರ ಕೈ ಅರ್ಧಕ್ಕ ನಿಂತಿತು. ಊರ ಸುತ್ತಲಿನ ಹೊಲಕ್ಕೆಲ್ಲಾ ಗೋವಿನಜೋಳದ ಬೀಜಾ ಕೊಟ್ಟವರು ಅವರು, ಆದ್ರ ಅದು ಕೋಳಿ ತಿನ್ನೂದು ಅಂತ ಬಾಯಿಗೆ ಹಚ್ಚಿದವರಲ್ಲ.

ನಾ ಸಣ್ಣ ಧ್ವನಿ ಮಾಡಿ ಕೇಳಿದೆ, "ಅಲ್ರೀ, ನಮ್ಮದು ಹಳದಿ ಇರತೈತಿ. ಇದು ಯಾಕ ಇಷ್ಟ ಬೆಳ್ಳಗೈತಿ?"

ಇದರ ಮ್ಯಾಲೆ ಅವರು ಒಂದ ತಾಸು ಮಾತಾಡಬಲ್ಲರು. ಕುತಿಗಿ ನರಾ ಎದ್ದು ನಿಂತ್ವು, ತುಟಿ ಬಿಚ್ಚಿದ್ವು. ಅಕ್ಕೋರು ಚಮಚಾ ಕೆಳಗಿಟ್ಟು ಕಿವಿ ನೆಟ್ಟಗ ಮಾಡಿದ್ರು. ಇವರು ನನ್ನ ನೋಡಿದ್ರು, ಅಕ್ಕೋರನ್ನ ನೋಡಿದ್ರು, ಆ ಮ್ಯಾಲೆ ಎರಡೂ ಕೈ ಜೋಡಿಸಿ ಮ್ಯಾಲೆ ನೋಡಿ ಅಂದ್ರು, "ಎಲ್ಲಾ ಭಗವಂತನ ಲೀಲಾ."

ಆನಿ ಕಾಯೂ ಮೆಣಸಿನಕಾಯಿ

ನಮ್ಮನ್ನ ಕಾಡಿಗೆ ಕರಕೊಂಡು ಹೋಗಾಂವ ಅಲ್ಲಿಯ ಒಬ್ಬ ಗೈಡು. ಎತ್ತರ ಆಳು, ಮೆತ್ತಗಿನ ಮಾತು. ದಾರ್ಯಾಗ ಒಂದು ಸಣ್ಣ ಗೋವಿನಜೋಳದ ಹೊಲ ಬಂತು. ಸುತ್ತಲೂ ಹಗ್ಗಾ ಕಟ್ಟಿ, ಹಗ್ಗಕ್ಕ ಕರ್ರಗಿನ ಅರಿವಿ ಚಿಂದಿ ಇಳಿಬಿಟ್ಟಿದ್ರು. ಗೈಡು ಜೀಪು ನಿಲ್ಲಿಸಿ ಹೇಳಿದ. ಆನಿ ಬಂದು ಬೆಳಿ ತುಳದು ತಿಂದು ಹೋಗತಾವಂತ. ಅದಕ್ಕ ಮೆಣಸಿನಕಾಯಿ ಕುಟ್ಟಿ, ಹಳೇ ಎಣ್ಣ್ಯಾಗ ಕಲಸಿ, ಅರಿವಿಗೆ ಬಳದು ಕಟ್ಟತಾರಂತ. ಆ ಘಾಟಿಗೆ ಆನಿ ಹೊಳ್ಳಿ ಹೋಗತಾವಂತ.

ಬ್ಯಾಡಗಿ ಸಾಹುಕಾರ್ರು ಜೀಪಿನಾಗ ಎದ್ದ ನಿಂತ್ರು. ಅವರಿಗೇನು ಶರತ್ತು ಇದ್ದಿಲ್ಲ. ಮೆಣಸಿನಕಾಯ್ಯಾಗ ನಮ್ಮೂರಿನದಕ್ಕ ಜಗತ್ತಿನಾಗ ಜೋಡಿಲ್ಲ, ಈ ದೇಶದ ಆನಿಗೆಲ್ಲಾ ಸಾಲೂವಷ್ಟು ನಾ ಕಳಸ್ತೇನಿ, ಹೇಳ್ರಿ ಅವಗ, ಅಂತ ಅಕ್ಕೋರ ಬೆನ್ನು ಹತ್ತಿದ್ರು. ಅಕ್ಕೋರು ಹೇಳಿದ್ರು. ಗೈಡು ಭಾಳ ಖುಷಿಯಾಗಿ ಒಂದ ಪ್ರಶ್ನೆ ಕೇಳಿದ, "ಅದು ಅಷ್ಟು ಖಾರ ಇರತೈತೇನು?"

ಸಾಹುಕಾರ್ರು ಹೊಳ್ಳಿ ಸೀಟಿನ ಮ್ಯಾಲೆ ಕುಂತ್ರು. ನಮ್ಮ ಕಡೆಯವರಿಗೆ ಹೇಳೂದೇನೈತಿ, ಆ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕ. ಖಾರ ಅಷ್ಟಕ್ಕಷ್ಟ.

ಇತ್ತ ನಮ್ಮನಿಯವರ ಹೊಟ್ಟ್ಯಾಗ ಯಾವ ಬೀಜಕ್ಕ ಎಷ್ಟು ಖಾರ ಅನ್ನೂದೆಲ್ಲಾ ಕುದ್ಯಾಕತ್ತಿತ್ತು. ಅದು ಹೊರಗ ಬರಬಾರದಂತ ಕಿಸೆದಾಗಿನ ಮುಖಾ ಒರಸೂ ದಸ್ತಿ ತಗದು ಬಾಯಾಗ ತುರುಕ್ಕೊಂಡಿದ್ರು. ಗೈಡು ಇವರಿಗೆ ವಾಂತಿ ಬಂದೈತಿ ಅಂತ ನೀರಿನ ಬಾಟಲಿ ಕೊಟ್ಟ.

ಸಾಹುಕಾರ್ರ ಮನಿಯವರು ಅಲ್ಲೀತನ ಒಂದ ಮಾತೂ ಆಡಿದ್ದಿಲ್ಲ. ಈಗ ಬಾಯಿ ಬಿಟ್ರು, "ಹೇಳ್ರಲಾ ಖರೇ ಮಾತು. ನಮ್ಮೂರ ಮೆಣಸಿನಕಾಯಿ ಕಟ್ಟಿದ್ರ, ಆನಿ ತಿಂದು ಕೆಂಪಗಾಗಿ ಮನಿಗೆ ಹೋಗತೈತಿ ಅಷ್ಟ."

ಸಿಂಹ ಬಂದಾಗ

ಮರುದಿನಾ ಕಾಡಿನ ನಡುವ ಜೀಪು ನಿಲ್ಲಿಸಿ ಚಹಾ ಕೊಟ್ರು. ಹುಲ್ಲಿನಾಗ ಓಡ್ಯಾಡಿ ಎಲ್ಲಾರ ಬಟ್ಟಿಗೂ ಹುಲ್ಲಿನ ಬೀಜಾ ಮೆತಗೊಂಡ್ವು. ಹೊಳ್ಳಿ ಜೀಪು ಹತ್ತಿ ಸ್ವಲ್ಪ ದೂರ ಹೋಗಿದ್ವಿ, ಗೈಡು ಬೆರಳು ತುಟಿಗೆ ಇಟ್ಟ. ಜೀಪಿನ ಮಗ್ಗಲಕ್ಕ, ನಮ್ಮ ಪಡಸಾಲಿಯಿಂದ ಕಟ್ಟಿ ಎಷ್ಟು ದೂರೋ ಅಷ್ಟರಾಗ, ಗಂಡ ಸಿಂಹ ನಿಂತಿತ್ತು.

ಜೀಪಿಗೆ ಬಾಗಲಿಲ್ಲ, ಕಿಡಕಿಲ್ಲ. ಸಾಹುಕಾರ್ರ ಮನಿಯವರು ಮನಿದೇವರಿಗೆ ಹರಕಿ ಹೊತ್ರು. ಹಾವೇರಿ ವ್ಯಾಪಾರಿ ಸೈತ ಎಚ್ಚರಾದ್ರು. ನಾ ಮುಂದಿನ ಸೀಟಿನ ಹಿಂದ ತಲಿ ಇಳಿಸಿದೆ. ಆವಾಗ ಟಕ್ ಅಂತ ಒಂದು ಸಪ್ಪಳ ಆತು. ಸಿಂಹ ಮುಖಾ ನಮ್ಮ ಕಡೆ ತಿರುವಿತು. ನಾ ಓರೆಗಣ್ಣಲೆ ನೋಡಿದ್ರ, ಇವರು ಪ್ಯಾಂಟಿಗೆ ಮೆತ್ತಿದ್ದ ಒಂದು ಬೀಜಾ ಕಿತ್ತು, ಹೊಟ್ಟು ಊದಿ, ಒಳಗ ಕಾಳು ತುಂಬೈತೋ ಇಲ್ಲೋ ಅಂತ ಹಲ್ಲಾಗ ಕಡದು ನೋಡಾಕತ್ತಿದ್ರು. ತಲಿ ತಗ್ಗಿಸಿದವರು ಎತ್ತಲಿಲ್ಲ. ಸಿಂಹ ಇವರನ್ನ ನೋಡಿ ನೋಡಿ, ಒಮ್ಮೆ ಆಕಳಿಸಿ, ಹೋತು.

ಜೀವ ಬಂದ ಮ್ಯಾಲೆ ನಾ ಫಿರ್ಯಾದಿ ಕೊಟ್ಟೆ. ಅಕ್ಕೋರು ವಿಚಾರ ಮಾಡಿ ತೀರ್ಪು ಹೇಳಿದ್ರು, ಶರತ್ತು ಬಾಯಿಂದ ಹೊರಗ ಬರೂದಕ್ಕ, ಬಾಯೊಳಗ ಹೋಗೂದಕ್ಕಲ್ಲ.

ಗೈಡು ಇಳದು ಬಂದು ಇವರ ಕೈ ಕುಲುಕಿದ. ಸಿಂಹದ ಮುಂದ ಇಷ್ಟು ಶಾಂತ ಕುಂತ ಮನಷ್ಯಾನ್ನ ತಾ ನೋಡೇ ಇಲ್ಲ ಅಂದ. ಇವರು ದೊಡ್ಡ ಮನಷ್ಯಾರಂಗ ತಲಿ ಆಡಿಸಿದ್ರು. ಅಂವ ಆ ಕಡೆ ಹೋದ ಮ್ಯಾಲೆ ನನ್ನ ಕಿವ್ಯಾಗ ಕೇಳಿದ್ರು, "ಯಾವ ಸಿಂಹ?"

ನಮ್ಮ ದೇಶದ ಕುಣಿತ

ಇಷ್ಟಾದ್ರೂ ಮನಷ್ಯಾ ಬಗ್ಗಲಿಲ್ಲ ಅಂದ ಮ್ಯಾಲೆ ನಾ ಕಡೀ ಅಸ್ತ್ರ ತಗದೆ. ಮಗಳಿಗೆ ಮೆಸೇಜ್ ಹಾಕಿ, ವಿಡಿಯೋ ಕಾಲ್ ಮಾಡವಾ, ಗೋದಾಮಿನಾಗ ನಿಂತು ಮಾಡು, ಅಂದೆ. ಆಕಿ ನನ್ನ ಮಗಳ, ಬಿಡಿಸಿ ಹೇಳೂದು ಬೇಕಾಗಲಿಲ್ಲ.

ಫೋನಿನಾಗ ಆಕಿ ಮುಖಾ ಬಂತು, ಹಿಂದ ಚೀಲದ ರಾಶಿ. "ಅಪ್ಪಾ, ಕಂಪನಿ ಗಾಡಿ ಬಂದು ನಿಂತೈತಿ. ಲೆಕ್ಕದ ದಿವಾಂಜಿಯವರು ಊರಿಗೆ ಹೋಗ್ಯಾರ. ಮಾಲು ಎಲ್ಲಿ ಇಳಿಸ್ಲಿ?"

ಇವರ ಹಣೀಗೆ ಬೆವರು ಬಂತು. ಬಾಯಲೆ, "ಊಟಾ ಆತೇನವಾ?" ಅಂದ್ರು. ಕೈ ಮಾತ್ರ ಸುಮ್ಮ ಕುಂದರಲಿಲ್ಲ. ಎರಡೂ ಕೈಯಲೆ ಇಲ್ಲದ ಚೀಲ ಎತ್ತಿದ್ರು, ಎಡಕ್ಕ ತಿರುಗಿ ಇಟ್ರು. ಕಾಲು ನೆಲಕ್ಕ ಬಡದು, ತಳಕ್ಕ ಹಲಗಿ ಹಾಸು ಅಂತ ತೋರಿಸಿದ್ರು. ಬೆರಳು ಝಾಡಿಸಿ, ಗೋಡಿ ಹಸಿ ಐತಿ, ದೂರ ಇಡು ಅಂತ ಸನ್ನಿ ಮಾಡಿದ್ರು. ಮತ್ತ ಎತ್ತಿದ್ರು, ಮತ್ತ ತಿರುಗಿದ್ರು. ಆಕಿ ಅಲ್ಲಿಂದ ಹೂನಪಾ, ಹೂನಪಾ ಅಂತ ತಲಿ ಆಡಿಸಾಕತ್ತಿದ್ಲು. ಒಂದ ಮಾತಿಲ್ಲದಂಗ ಅಪ್ಪ ಮಗಳು ಗಾಡಿ ಖಾಲಿ ಮಾಡೂದು ನೋಡಿ ನನಗ ಕಣ್ಣು ತುಂಬಿ ಬಂತು. ಇಂಥಾಕಿಗೆ ಗಲ್ಲಾ ಕೊಡಾಕ ಈ ಮನಷ್ಯಾಗ ಏನು ರೋಗ ಅಂತ ಸಿಟ್ಟೂ ಬಂತು.

ಅತ್ತ ಬಯಲಾಗ ನಮ್ಮ ಟೆಂಟಿನ ಲಾಡ್ಜಿನ ಮಂದಿ ಸಂಜೀ ಕುಣಿತಕ್ಕ ಡೋಲು ಬಿಗೀತಿದ್ರು. ಇವರನ್ನ ನೋಡಿ, ಇದು ಇಂಡಿಯಾದ ಕುಣಿತ ಅಂತ ತಿಳದ್ರು. ಡೋಲಿನಾಂವ ತಾಳ ಹಿಡದ. ಅಡಗಿಯವರು, ಹಾಸಿಗಿ ಹಾಸಾವರು ಇವರ ಹಿಂದ ಸಾಲಾಗಿ ನಿಂತು, ಎತ್ತು, ತಿರುಗು, ಕಾಲು ಬಡಿ, ಬೆರಳು ಝಾಡಿಸು ಅಂತ ಶುರು ಮಾಡಿದ್ರು. ಅತ್ತ ರಾಣೆಬೆನ್ನೂರಾಗ ಹಮಾಲರು ಖರೇ ಮಾಲು ಇಳಿಸಿದ್ರು, ಇತ್ತ ಆಫ್ರಿಕಾದಾಗ ಅಡಗಿಯವರು ಸುಳ್ಳ ಮಾಲು ಇಳಿಸಿದ್ರು. ಕೈ ಮಾತಾಡಿದ್ದು ಮಾತಲ್ಲ ಅಂತ ಅಕ್ಕೋರ ತೀರ್ಪು ಬಂತು, ಅದನ್ನೂ ಅವರು ಕುಣಕೋತನ ಹೇಳಿದ್ರು.

ನೀರಿನ ಸಪ್ಪಳ

ಕಡೀ ದಿನಾ ಜಲಪಾತ. ನಾಳೆ ವಿಮಾನ ಹತ್ತೂದು, ಇವರು ಗೆದ್ದಂಗ. ಮುಂಜಾನಿಂದ ಸೀಟಿ ಹೊಡಕೋತ ತಿರಗ್ಯಾಡಿದ್ರು. ಮಗಳಿಗೆ ಯಾವ ಮುಖಾ ತೋರಿಸ್ಲಿ ಅಂತ ನಾ ನಾಷ್ಟಾ ಹಂಗ ಬಿಟ್ಟು ಎದ್ದೆ.

ಆ ನೀರು ನೋಡಿದವರಿಗೆ ಗೊತ್ತು. ಇಡೀ ನದಿನ ನೆಲದಾಗಿನ ಸೀಳಿನಾಗ ಬೀಳತೈತಿ. ಬಿದ್ದ ನೀರು ಹೊಗಿ ಆಗಿ ಮ್ಯಾಲೆ ಎದ್ದು ಮಳಿ ಹಂಗ ಸುರೀತೈತಿ. ಮ್ಯಾಲಿಂದ ಬರೂ ಮಳಿ ಕಂಡವರು ನಾವು, ತಳದಿಂದ ಬರೂ ಮಳಿ ಅಲ್ಲೇ ಕಂಡದ್ದು. ಬಾಗಲಾಗ ಎಲ್ಲಾರಿಗೂ ಒಂದ ನಮೂನಿ ರೇನ್‌ಕೋಟು ಕೊಟ್ರು. ತಲಿಮ್ಯಾಲಿನ ಟೋಪಿ ಹಣೀತನ ಎಳಕೊಂಡ ಮ್ಯಾಲೆ ಯಾರು ಗಂಡಸು, ಯಾರು ಹೆಂಗಸು ಗೊತ್ತಾಗತಿದ್ದಿಲ್ಲ. ಬ್ಯಾಡಗಿ ಸಾಹುಕಾರ್ರು ಗಿಡ್ಡ, ನಾನೂ ಗಿಡ್ಡ. ಹೊಟ್ಟಿನೂ ಇಬ್ಬರದೂ ಒಂದ ಅಳತಿ, ಸುಳ್ಳ ಯಾಕ ಹೇಳ್ಲಿ.

ನಾ ದಂಡಿಗೆ ಅಡ್ಡ ಹಾಕಿದ್ದ ಕಟಾಂಜನ ಹಿಡದು ನೀರು ನೋಡಕೋತ ನಿಂತಿದ್ದೆ. ಯಾರೋ ಬಂದು ನನ್ನ ಮೊಣಕೈ ಹಿಡದ್ರು. ನೋಡಿದ್ರ ಇವರು. ಹಿಂದ ಮುಂದ ಅಕ್ಕೋರು ಅದಾರೋ ಅಂತ ನೋಡಿ, ನನ್ನ ಕಿವಿಗೆ ಬಾಯಿ ಹಚ್ಚಿ ಒದರಾಕತ್ತಿದ್ರು.

"ಸಾಹುಕಾರ್ರ, ಜೀವ ಹೋಗಾಕತ್ತೈತ್ರಿ ನಂದು. ಇಲ್ಲಿ ಯಾರಿಗೂ ಕೇಳಸೂದಿಲ್ಲ, ಮಾತಾಡೂಣು. ಆ ಹೊಲದಾಗಿನ ಬಿಳಿ ಗೋವಿನಜೋಳದ ತೆನಿ ನೋಡಿದ್ರೇನು? ಸಿಪ್ಪಿ ಎಷ್ಟು ಬಿಗಿ ಐತಿ, ತುದಿತನ ಕಾಳು ಕಟ್ಟೈತಿ."

ಒಳಗ ಕೂಡಿಟ್ಟದ್ದೆಲ್ಲಾ ಹೊರಗ ಬಂತು. ಗೋವಿನಜೋಳ, ಮೆಣಸಿನಕಾಯಿ, ಆ ಹುಲ್ಲಿನ ಬೀಜಾ ಜೊಳ್ಳ ಇತ್ತಂತ, ಅದೂ ಬಂತು. ನಾ ಗೆದ್ದಿದ್ದೆ. ಟೋಪಿ ತಗದು ನಗಬೇಕು ಅಂತ ಕೈ ಎತ್ತಿದೆ, ಅಷ್ಟರಾಗ ಅವರ ಧ್ವನಿ ಬದಲಾತು.

"ಇನ್ನೊಂದು ಹೇಳ್ತೇನಿ, ನಮ್ಮಾಕಿ ಮುಂದ ಆಡಬ್ಯಾಡ್ರಿ. ಹೋದ ಮುಂಗಾರಿನಾಗ ನಾ ಜ್ವರ ಬಂದು ಮಲಗಿದಾಗ ಮಗಳು ಅಂಗಡ್ಯಾಗ ಕುಂತಿದ್ಲು. ನಾ ಆರಾಮ ಆಗಿ ಹೋದ ದಿನಾ ಹೊಸರಿತ್ತಿ ಹಿರಿಯಾರೊಬ್ಬರು ಬಂದ್ರು. ನಾ ಹುಟ್ಟಿಸಿದ ಗಿರಾಕಿ ಅದು, ಮಗಳಿಗೆ ತಂಗಿ ಅಂತಾರ. ನನ್ನ ಮುಖಾ ನೋಡಿ, ತಂಗಿ ಇಲ್ಲೇನು, ಇರ್ಲಿ ನಾಳೆ ಬರ್ತೇನಿ, ಅಂದು ಹೊಳ್ಳಿ ಹೋದ್ರು. ಧೂಳು, ಹಮಾಲರು ಎಲ್ಲಾ ನೆವ ರೀ. ಆಕಿಗೆ ನನಕಿಂತ ಛಲೋ ಗೊತ್ತೈತಿ. ಆಕಿ ಗಲ್ಲಾದ ಮ್ಯಾಲೆ ಕುಂತ್ರ ನನ್ನ ಯಾರು ಕೇಳ್ತಾರ?"

ಎತ್ತಿದ ಕೈ ಹಂಗ ನಿಂತಿತು. ಇಷ್ಟು ವರ್ಷ ಒಂದ ತಾಟಿನಾಗ ಉಂಡವರು, ಈ ಮಾತು ಹೇಳಾಕ ಬ್ಯಾಡಗಿ ಸಾಹುಕಾರ್ರು ಬೇಕಾದ್ರಲ್ಲ ಅಂತ ಕೆಟ್ಟ ಅನಿಸ್ತು. ಪಾಪ ಅನಿಸ್ತು. ಆದ್ರ ಮಗಳೂ ನನ್ನಾಕಿನ. ಟೋಪಿ ಹಿಂದಕ್ಕ ಸರಿಸಿದೆ.

ಅವರು ನನ್ನ ನೋಡಿದ್ರು. ನೀರು ನೋಡಿದ್ರು. ಮತ್ತ ನನ್ನ ನೋಡಿದ್ರು.

"ಕೇಳಸ್ತೇನು?"

"ಇಲ್ಲ ಬಿಡ್ರಿ," ಅಂತ ನಾನೂ ಅವರ ಕಿವ್ಯಾಗ ಒದರಿದೆ. "ಈ ಸಪ್ಪಳದಾಗ ಏನೂ ಕೇಳಸ್ಲಿಲ್ಲ. ಮಗಳು ಅಂಗಡ್ಯಾಗ ಕುಂದರತಾಳ ಅಂದ್ರಲ್ಲ, ಅಷ್ಟ ಕೇಳಸ್ತು."

ಮುಖದ ಮ್ಯಾಲಿನ ನೀರು ಎರಡೂ ಕೈಲೆ ಒರಸಿಕೊಂಡ್ರು. ಅದು ಯಾವ ನೀರೋ, ನಾ ಕೇಳಲಿಲ್ಲ. ಆಮ್ಯಾಲೆ ಸಣ್ಣ ಹುಡುಗರಂಗ ಕೇಳಿದ್ರು, "ಮತ್ತ ನಾ ಎಲ್ಲಿ ಕುಂದರ್ಲಿ?"

"ಗಿರಾಕಿ ಕುಂದರೂ ಬೆಂಚಿನ ಮ್ಯಾಲೆ," ಅಂದೆ. "ನಿಮ್ಮ ಪಾಳಿ ಬಂದಾಗ ತಂಗಿ ಕರೀತಾಳ."