ಕೇಶ್ವಾಪುರದಲ್ಲಿ ಕೂತು ಹಡಗು ಕಾಯ್ದದ್ದು

ಮನೆಯಲ್ಲಿ ಒಬ್ಬ ಗಂಡಸಿಗೆ ಮರ್ಯಾದೆ ಸಿಗಬೇಕಾದರೆ ಉಳಿದವರಿಗೆ ಗೊತ್ತಿಲ್ಲದ ಒಂದಾದರೂ ವಿದ್ಯೆ ಅವನಿಗೆ ಗೊತ್ತಿರಬೇಕು. ಕೆಲವರಿಗೆ ಫ್ಯೂಸ್ ಕಟ್ಟಲು ಬರುತ್ತದೆ. ಕೆಲವರು ಕಲ್ಲಂಗಡಿಯನ್ನು ಬೆರಳಿನಿಂದ ಬಡಿದು ಒಳಗೆ ಕೆಂಪೋ ಬಿಳಿಯೋ ಹೇಳುತ್ತಾರೆ. ನಾನು ಫ್ಯೂಸ್ ಕಟ್ಟಿದರೆ ಪಕ್ಕದ ಮನೆಯ ದೀಪವೂ ಹೋಗುತ್ತದೆ. ನಾನು ಬಡಿದು ತಂದ ಕಲ್ಲಂಗಡಿಯನ್ನು ನಮ್ಮ ಓಣಿಯ ಎಮ್ಮೆಗಳೇ ತಿಂದಿವೆ. ಹೀಗಾಗಿ ಮದುವೆಯಾದ ಹದಿನಾಲ್ಕು ವರ್ಷ ನಾನು ಯಾವ ವಿದ್ಯೆಯೂ ಇಲ್ಲದ ಅಳಿಯನಾಗಿಯೇ ಕಾಲ ಕಳೆದೆ. ಹದಿನೈದನೆಯ ವರ್ಷ ನನಗೆ ಹಡಗಿನ ವಿದ್ಯೆ ಒಲಿಯಿತು. ಸಮುದ್ರವನ್ನು ನಾನು ಅಲ್ಲಿಯವರೆಗೆ ನೋಡಿದ್ದು ಒಂದೇ ಸಲ, ಕಾರವಾರದಲ್ಲಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು. ಆಗಲೂ ಒಂದು ಚಪ್ಪಲಿಯನ್ನು ಅದಕ್ಕೇ ಅರ್ಪಿಸಿ ಕುಂಟುತ್ತ ಬಂದಿದ್ದೆ.

ಆದದ್ದು ಇಷ್ಟು. ನನ್ನ ಹೆಂಡತಿ ಸುಮಿತ್ರಾಳ ತಮ್ಮ ಗಿರೀಶನಿಗೆ ಪ್ರವಾಸಿ ಹಡಗೊಂದರಲ್ಲಿ ಕೆಲಸ ಸಿಕ್ಕಿತು. ಸಾವಿರಾರು ಜನ ಉಂಡುಟ್ಟು ಕುಣಿದು ಮಲಗುವ ದೊಡ್ಡ ಹಡಗು. ಅದರ ಅಡುಗೆಮನೆಯ ಬ್ರೆಡ್ಡಿನ ವಿಭಾಗ ಇವನದು. ಮಗ ಹಡಗು ಏರಿದ್ದೇ ತಡ, ನನ್ನ ಅತ್ತೆ ಧಾರವಾಡದ ಮನೆಗೆ ಕೀಲಿ ಹಾಕಿ ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಗೆ ಬಂದರು. ಬಂದವರು ದಿನಕ್ಕೆ ಹತ್ತು ಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈಗ ಅಂವ ಎಲ್ಲಿ ಇರಬೇಕು?" ಗಿರೀಶ ತಿಂಗಳಿಗೊಮ್ಮೆ ಯಾವುದೋ ಬಂದರಿನಿಂದ ಫೋನ್ ಮಾಡುತ್ತಿದ್ದ, ಎರಡೇ ನಿಮಿಷ. ಆ ಎರಡು ನಿಮಿಷ "ಉಂಡಿ? ಮಜ್ಜಿಗಿ ಸಿಗತೈತಿ? ತಲಿಗೆ ಎಣ್ಣಿ ಹಚ್ಚಾಕತ್ತೀಯೋ ಇಲ್ಲೋ?" ಎನ್ನುವುದರಲ್ಲೇ ಮುಗಿದು, ಎಲ್ಲಿದ್ದೀಯೆಂದು ಕೇಳುವುದು ಪ್ರತಿ ತಿಂಗಳೂ ಉಳಿದುಹೋಗುತ್ತಿತ್ತು.

ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲ ಅದು. ನಾನು ಗುಮಾಸ್ತನಾಗಿದ್ದ ಕಾಲೇಜಿನಲ್ಲಿ ಎಲ್ಲವೂ ಕಂಪ್ಯೂಟರಿಗೆ ಹೋಗುತ್ತಿತ್ತು. ಕಲಿಯಲೆಂದು ನಾನೂ ಮನೆಗೊಂದು ತಂದಿದ್ದೆ. ಕಲಿತದ್ದು ಇಸ್ಪೀಟು ಮಾತ್ರ. ಒಂದು ದಿನ ಆಫೀಸಿನ ಗೆಳೆಯನೊಬ್ಬ, "ಜಗತ್ತಿನ ಹಡಗು ಎಲ್ಲಾ ಎಲ್ಲೆಲ್ಲಿ ಅದಾವ ಅಂತ ತೋರಸೂ ವೆಬ್‌ಸೈಟ್ ಐತ್ಯೋ ಮಾರಾಯಾ" ಎಂದು ವಿಳಾಸ ಬರೆದುಕೊಟ್ಟ. ಮನೆಗೆ ಬಂದು ತೆರೆದೆ. ನೀಲಿ ನಕಾಶೆಯ ತುಂಬ ಜೀರಿಗೆ ಚೆಲ್ಲಿದಂತೆ ಬಣ್ಣಬಣ್ಣದ ಬಾಣಗಳು. ಗಿರೀಶನ ಹಡಗಿನ ಹೆಸರು 'ಗೋಲ್ಡನ್ ಲಿಲಿ'. ಅದನ್ನು ಬರೆದು ಒತ್ತಿದೆ. ನಕಾಶೆ ಗರಗರ ತಿರುಗಿ, ಆಸ್ಟ್ರೇಲಿಯಾದ ದಂಡೆಯ ಹತ್ತಿರ ಒಂದು ಹಸಿರು ಬಾಣವನ್ನು ತೋರಿಸಿತು.

"ಅತ್ತೀ, ಬರ್ರಿ! ನಿಮ್ಮ ಮಗ ಸಿಕ್ಕ!" ಎಂದು ಕೂಗಿದೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದರು. ಬಾಣವನ್ನು ನೋಡಿದರು. ಪರದೆಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ ನೋಡಿದರು. ಆ ನೋಟಕ್ಕಾಗಿ ನಾನು ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದೆ. ಅಂದಿನಿಂದ ನನ್ನ ತಾಟಿಗೆ ಮೊದಲ ರೊಟ್ಟಿ ಬೀಳತೊಡಗಿತು.

ಲಿಲಿ ಎಂಬ ಹೆಸರು ಅತ್ತೆಯ ಬಾಯಲ್ಲಿ ಎರಡೇ ದಿನದಲ್ಲಿ ಲೀಲಾ ಆಯಿತು. "ಅಳಿಯಾರ, ಲೀಲಾ ಎದ್ದಳೇನು?" "ಲೀಲಾ ಯಾಕ ನಿನ್ನೆಯಿಂದ ನಿಂತಲ್ಲೇ ನಿಂತಾಳ?" ಎಂದು ಅಡುಗೆಮನೆಯಿಂದ ಗಟ್ಟಿಯಾಗಿ ಕೇಳುವರು, ನಾನೂ ಅಷ್ಟೇ ಗಟ್ಟಿಯಾಗಿ "ಈಗ ಹೊಂಟಾಳ್ರಿ, ಜೋರಾಗಿ ಹೊಂಟಾಳ" ಎನ್ನುವೆ. ಇದು ಕಂಪೌಂಡಿನಾಚೆಯ ಶಾಂತಕ್ಕನ ಕಿವಿಗೆ ಬಿದ್ದು, ಅವರು ಒಂದು ದಿನ ಸುಮಿತ್ರಾಳನ್ನು ಗೋಡೆಯ ಹತ್ತಿರ ಕರೆದು, "ಹೇಳಬಾರದು, ಆದ್ರೂ ಹೇಳ್ತೇನಿ. ನಿಮ್ಮ ಯಜಮಾನ್ರು ದಿನಾ ಸುದ್ದಿ ಹೇಳೂ ಈ ಲೀಲಾ ಯಾರವಾ?" ಎಂದರು. ಒಗ್ಗರಣೆ ಸೀಯುವ ಗಡಿಬಿಡಿಯಲ್ಲಿದ್ದ ಸುಮಿತ್ರಾ, "ಏನ್ ಹೇಳ್ಲಿ ಶಾಂತಕ್ಕಾ, ನನ್ನ ತಮ್ಮ ಅಕಿ ಹೊಟ್ಟ್ಯಾಗ ಅದಾನ್ರಿ" ಎಂದು ಒಳಗೆ ಓಡಿಬಂದಳು. ಶಾಂತಕ್ಕ ಒಂದು ವಾರ ನಮ್ಮ ಮನೆಯ ಕಡೆ ತಲೆಹಾಕಲಿಲ್ಲ.

ಹೀಗಿರುವಾಗ ಲೀಲಾ ಕಾಣೆಯಾದಳು. ಒಂದು ಮುಂಜಾನೆ ನೋಡಿದರೆ ಬಾಣವೇ ಇಲ್ಲ. ದಂಡೆಯಿಂದ ದೂರ ಹೋದ ಹಡಗು ಈ ನಕಾಶೆಗೆ ಸಿಗುವುದಿಲ್ಲವೆಂದು ಗೆಳೆಯ ಹೇಳಿದ. ಅದನ್ನೇ ಅತ್ತೆಗೆ ಹೇಳಿದೆ. ಅವರು ನಂಬಲಿಲ್ಲ, ಲೀಲಾ ಕಾಣುವವರೆಗೆ ಚಹಾ ಮುಟ್ಟುವುದಿಲ್ಲವೆಂದು ಹರಕೆ ಹೊತ್ತರು. ಚಹಾ ಇಲ್ಲದ ನನ್ನ ಅತ್ತೆಯನ್ನು ನೀವು ನೋಡಿಲ್ಲ. ಮೊದಲನೆಯ ದಿನ ತಲೆಗೆ ಬಟ್ಟೆ ಕಟ್ಟಿದರು. ಎರಡನೆಯ ದಿನ ಮಾತು ಬಿಟ್ಟರು. ಮೂರನೆಯ ದಿನ ಮಾತು ಶುರುಮಾಡಿದರು, ಅದು ಇನ್ನೂ ಕಷ್ಟವಾಯಿತು. ನಾಲ್ಕನೆಯ ದಿನ ನಾನು ಒಂದು ಪಾಪ ಮಾಡಿದೆ. ಲಂಕೆಯ ಕೆಳಗೆ ಹೋಗುತ್ತಿದ್ದ ಯಾವುದೋ ಕೆಂಪು ಬಾಣವನ್ನು ತೋರಿಸಿ, "ಅಗೋ ನೋಡ್ರಿ, ಲೀಲಾ ಬಂದಳು" ಎಂದುಬಿಟ್ಟೆ.

"ಬಣ್ಣಾ ಕೆಂಪಾಗೇತೆಲಾ?" ಎಂದರು ಅತ್ತೆ.

"ಬಿಸಲಿಗೆ ಹಂಗಾಗತೈತ್ರಿ" ಎಂದೆ.

ಅತ್ತೆ ಎರಡು ಕಪ್ ಚಹಾ ಕುಡಿದರು. ಪುಣ್ಯಕ್ಕೆ ಮುಂದಿನ ವಾರ ನಿಜವಾದ ಲೀಲಾ ಅರಬರ ದೇಶದ ಹತ್ತಿರ ಮತ್ತೆ ಹಸಿರಾಗಿ ಎದ್ದಳು. ಆ ತಿಂಗಳು ಗಿರೀಶ ಫೋನ್ ಮಾಡಿದಾಗ ನಾನು ರಿಸೀವರ್ ಕಸಿದುಕೊಂಡು "ಅರಬ್ ದೇಶ ಹೆಂಗೈತಪಾ?" ಎಂದೆ. "ಏನಂದ್ರಿ ಭಾವಾ? ಕೇಳಸವಲ್ದು..." ಎಂದ. ಅಷ್ಟರಲ್ಲಿ ಫೋನು ಕಟ್ಟಾಯಿತು.

ಇದೇ ಹೊತ್ತಿಗೆ ಗಿರೀಶನಿಗೆ ಧಾರವಾಡದ ಒಂದು ಸಂಬಂಧ ಬಂತು. ಹುಡುಗಿ ವಸುಧಾ, ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ತಂದೆ ನಿವೃತ್ತ ಭೂಗೋಳ ಮಾಸ್ತರು. ಫೋಟೋ, ಜಾತಕ ಎಲ್ಲ ಕೂಡಿಬಂದಿದ್ದವು. ಹುಡುಗ ಮಾತ್ರ ನೀರಿನ ಮೇಲಿದ್ದ. ಹುಬ್ಬಳ್ಳಿಗೆ ಯಾವುದೋ ಲಗ್ನಕ್ಕೆ ಬಂದ ಮಾಸ್ತರು, ಹುಡುಗನ ಅಕ್ಕನ ಮನೆಯನ್ನಾದರೂ ನೋಡೋಣವೆಂದು ಮಗಳನ್ನೂ ಕರೆದುಕೊಂಡು ಬಂದರು. ಉಪ್ಪಿಟ್ಟು, ಶಿರಾ ಆಯಿತು. ಅತ್ತೆಗೆ ತಡೆಯಲಾಗಲಿಲ್ಲ. "ಹುಡುಗನ ಹಡಗು ತೋರಸ್ರಿ ಅಳಿಯಾರ" ಎಂದರು. ನಾನು ಅಂಗಿಯ ತೋಳು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತೆ.

ಮಾಸ್ತರು ಕನ್ನಡಕ ಹಾಕಿಕೊಂಡು ನಕಾಶೆಯನ್ನು ನೋಡಿದರು. "ಇದು ಪರ್ಷಿಯನ್ ಕೊಲ್ಲಿ. ಹುಡುಗನ ಕಂಪನಿ ಯುರೋಪಿಂದು ಅಂತ ಬರದಿದ್ರೆಲಾ?"

"ಹಡಗಂದ ಮ್ಯಾಲೆ ನಾಲ್ಕೂ ದಿಕ್ಕಿಗೆ ತಿರಗತೈತ್ರಿ" ಎಂದೆ, ನಾನೇ ನಡೆಸುವವನ ಹಾಗೆ.

"ಅದರ ಮ್ಯಾಲೆ ಒಮ್ಮೆ ಒತ್ರಿ ನೋಡೂಣು."

ಅಷ್ಟು ತಿಂಗಳಲ್ಲಿ ನಾನು ಆ ಬಾಣವನ್ನು ಒತ್ತಿರಲೇ ಇಲ್ಲ. ಒತ್ತಿದರೆ ಎಲ್ಲಿ ಹಡಗಿಗೆ ಏನಾದರೂ ಆದೀತೋ ಎಂಬ ಹೆದರಿಕೆ. ಈಗ ಒತ್ತಿದೆ. ಒಂದು ಫೋಟೋ ಮೇಲಿನಿಂದ ಕೆಳಗೆ ನಿಧಾನವಾಗಿ ಬಿಚ್ಚಿಕೊಂಡಿತು. ಮೊದಲು ಆಕಾಶ, ಆಮೇಲೆ ಹೊಗೆಕೊಳವೆ, ಆಮೇಲೆ ಅಂತಸ್ತು ಅಂತಸ್ತಾಗಿ ಸರಳುಗಳು, ಸರಳುಗಳ ಹಿಂದೆ ಸಾಲುಸಾಲು ಮುಖಗಳು.

"ಅಯ್ಯ, ಎಷ್ಟ್ ಮಂದಿ ಅದಾರಲ್ಲವಾ!" ಎಂದು ಅತ್ತೆ ಹಿಗ್ಗಿದರು.

"ಮಂದಿ ಅಲ್ಲರೀ," ಎಂದರು ಮಾಸ್ತರು. "ಕುರಿ."

ಮಾಸ್ತರು ಫೋಟೋದ ಕೆಳಗಿನ ಅಕ್ಷರಗಳನ್ನು ಪಾಠ ಓದಿದ ಹಾಗೆ ಓದಿದರು. ಅದು ಆಸ್ಟ್ರೇಲಿಯಾದಿಂದ ಅರಬರ ದೇಶಕ್ಕೆ ಜೀವಂತ ಕುರಿ ಸಾಗಿಸುವ ಹಡಗು. ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. "ಕುರಿ ಕಾಯೂದು ಸಣ್ಣ ಕೆಲಸ ಅಂತ ನಾ ಅನ್ನೂದಿಲ್ಲ. ನಮ್ಮಜ್ಜನೂ ಕುರಿ ಸಾಕಿದಂವನ. ನಮ್ಮ ಮೂಲ ಊರು ಸುಳ್ಳ. ಊರಿನ ಹೆಸರು ಸುಳ್ಳ ಇದ್ದರೂ ನಮ್ಮ ಮನ್ಯಾಗ ಯಾರೂ ಸುಳ್ಳು ಹೇಳಿಲ್ಲ. ನಡಿಯವಾ ವಸುಧಾ" ಎಂದು ಎದ್ದು ನಿಂತರು.

ಸುಮಿತ್ರಾ ನನ್ನನ್ನು ನೋಡಿದ ಬಗೆಯನ್ನು ಇಲ್ಲಿ ಬರೆಯುವುದು ಬೇಡ. ಅತ್ತೆ ಮಾತ್ರ ಗೋಡೆಗೊರಗಿ, "ನನ್ನ ಮಗ ಸುಳ್ಳು ಹೇಳಂಗಿಲ್ಲರೀ. ಅಂವಗ ಸುಳ್ಳು ಹೇಳಾಕ ಬರೂದ ಇಲ್ಲ" ಎನ್ನುತ್ತ ಕಣ್ಣಿಗೆ ಸೆರಗು ಹಚ್ಚಿದರು. ಏಳು ತಿಂಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅಂದೇ. ಮೊದಲ ರೊಟ್ಟಿಯ ಆಸೆಗೆ ಒಬ್ಬ ಹುಡುಗನ ಲಗ್ನ ಮುರಿದೆನಲ್ಲ ಎಂದು ಮಾಸ್ತರರ ದಾರಿಗೆ ಅಡ್ಡ ನಿಂತೆ. "ತಪ್ಪು ನಂದರೀ ಮಾಸ್ತರ, ಹುಡುಗಂದಲ್ಲ" ಎಂದೆ. ಅವರು ಚಪ್ಪಲಿ ಹುಡುಕುತ್ತಿದ್ದರು.

"ಅಪ್ಪಾ, ಒಂದ್ ನಿಮಿಷ ಕೂಡ್ರಿ" ಎಂದಳು ವಸುಧಾ. ಬಂದಾಗಿನಿಂದ ಆಕೆ ಆಡಿದ ಮೊದಲ ಮಾತು ಅದು. ನೇರವಾಗಿ ಕಂಪ್ಯೂಟರಿನ ಹತ್ತಿರ ಬಂದು, ನಿಂತುಕೊಂಡೇ ಏನೋ ಒತ್ತಿದಳು. "ಒಂದ ಹೆಸರಿನ ಎರಡು ಹಡಗು ಅದಾವ್ರಿ. ನಮ್ಮ ಲೈಬ್ರರ್‍ಯಾಗೂ ಹಿಂಗ. 'ರಸಾಯನ' ಅಂತ ಎರಡು ಪುಸ್ತಕ ಅದಾವ; ಒಂದು ಕೆಮಿಸ್ಟ್ರಿ, ಇನ್ನೊಂದು ಅಡಿಗಿ. ಹೆಸರು ನೋಡಬಾರದು, ನಂಬರ್ ನೋಡಬೇಕು."

ಪರದೆಯ ಮೇಲೆ ಇನ್ನೊಂದು ಗೋಲ್ಡನ್ ಲಿಲಿ ಬಂತು. ಬಿಳಿ ಹಡಗು, ಸಾವಿರ ಕಿಟಕಿ, ಒಂದು ಕುರಿಯೂ ಇಲ್ಲ. "ಇದ ಖರೇದ್ದು. ಈಗ ಇಟಲಿ ದಂಡಿಗೆ ಐತಿ. ಸಂಜಿಮುಂದ ಬಿಡತೈತಿ, ನಾಡದು ಗ್ರೀಸ್ ಮುಟ್ಟತೈತಿ" ಎಂದಳು, ಹುಬ್ಬಳ್ಳಿ–ಧಾರವಾಡ ಬಸ್ಸಿನ ವೇಳೆ ಹೇಳಿದಷ್ಟು ಸಲೀಸಾಗಿ.

ಮಾಸ್ತರು ಮಗಳ ಮುಖ ನೋಡಿದರು. "ನಿನಗ ಇದೆಲ್ಲಾ ಹೆಂಗ ಗೊತ್ತು?"

"ಅವರ ಫೋಟೋ ಬಂದಾಗಿಂದ ನೋಡಾಕತ್ತೇನಿ" ಎಂದು ವಸುಧಾ ಕೀಲಿಮಣೆಯನ್ನು ನೋಡತೊಡಗಿದಳು. ಮಾಸ್ತರು ಸದ್ದಿಲ್ಲದೆ ಚಪ್ಪಲಿ ಬಿಟ್ಟು ಒಳಗೆ ಬಂದು, ಇನ್ನೊಂದು ಚಮಚ ಶಿರಾ ಹಾಕಿಸಿಕೊಂಡರು.

ಅತ್ತೆ ಕಣ್ಣೊರೆಸಿಕೊಂಡು, "ಅಳಿಯಾರ, ಎದ್ದು ಅಕಿಗೆ ಕುರ್ಚಿ ಬಿಡ್ರಿ" ಎಂದರು. ಎದ್ದೆ. ಆಮೇಲೆ ಅವರಿಗೆ ಏನೋ ಹೊಳೆಯಿತು. "ಹಂಗಾರ ಆವತ್ತು ಕೆಂಪ ಬಾಣಾ ನೋಡಿ ಚಹಾ ಕುಡದೆನೆಲಾ, ಅದು ಯಾರದು?"

"ಎಣ್ಣಿ ಹಡಗು ಇರಬೇಕ್ರಿ" ಎಂದು ಮೆಲ್ಲಗೆ ಹೇಳಿದೆ. ಅಂದಿನಿಂದ ರೊಟ್ಟಿ ಮೊದಲಿನ ಕ್ರಮಕ್ಕೆ ಬಂತು.

ಗಿರೀಶ ರಜೆಗೆ ಬಂದ, ಲಗ್ನವಾಯಿತು, ಮತ್ತೆ ಹಡಗು ಏರಿದ. ಎಲ್ಲಿದ್ದಾನೆಂಬ ವರದಿ ಈಗ ದಿನಾ ಹತ್ತು ಗಂಟೆಗೆ ಧಾರವಾಡದ ಲೈಬ್ರರಿಯಿಂದ ಅತ್ತೆಗೆ ಫೋನಿನಲ್ಲಿ ಬರುತ್ತಿತ್ತು. ನಾನು ಇಸ್ಪೀಟಿಗೆ ಮರಳಿದೆ. ಮರುವರ್ಷ ಆ ಹಡಗು ಒಂದು ದಿನದ ಮಟ್ಟಿಗೆ ಗೋವೆಗೆ ಬರುತ್ತದೆಂದು ವಸುಧಾ ತಿಂಗಳ ಮೊದಲೇ ಹೇಳಿದಳು. ಎಲ್ಲರೂ ರೈಲು ಹತ್ತಿದೆವು. ಬಂದರಿಗೆ ಹತ್ತಿರದ ದಿಬ್ಬದ ಮೇಲೆ ರಿಕ್ಷಾ ನಿಂತಾಗ ಎಲ್ಲರಿಗಿಂತ ಮೊದಲು ಇಳಿದವನು ನಾನು. ಕೆಳಗೆ ಸಮುದ್ರ ಥಳಥಳ ಹೊಳೆಯುತ್ತಿತ್ತು. ಕಳೆದುಕೊಂಡ ಮರ್ಯಾದೆ ವಾಪಸು ಪಡೆಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದೆಂದು ಕೈ ಚಾಚಿ, "ಅಗೋ ನೋಡ್ರಿ ಅತ್ತೀ, ನಮ್ಮ ಲೀಲಾ!" ಎಂದು ಕೂಗಿದೆ.

ಅದು ಅದಿರು ತುಂಬುವ ಹಡಗಾಗಿತ್ತು. ವಸುಧಾ ನನ್ನ ಮೊಣಕೈ ಹಿಡಿದು ನಿಧಾನವಾಗಿ ಬಲಕ್ಕೆ ತಿರುಗಿಸಿದಳು. ಅಲ್ಲಿ, ಕೇಶ್ವಾಪುರದ ನಮ್ಮ ಓಣಿಯನ್ನೆಲ್ಲ ಒಂದರ ಮೇಲೊಂದು ಹೇರಿಟ್ಟ ಹಾಗೆ, ಅರ್ಧ ಆಕಾಶ ಮುಚ್ಚಿಕೊಂಡು ಗೋಲ್ಡನ್ ಲಿಲಿ ನಿಂತಿತ್ತು. ಅತ್ತೆ ಬಹಳ ಹೊತ್ತು ಬಾಯಿ ತೆರೆದು ಹಡಗನ್ನು ನೋಡಿದರು. ಆಮೇಲೆ ತಿರುಗಿ ಅಷ್ಟೇ ಹೊತ್ತು ನನ್ನನ್ನು ನೋಡಿದರು.

"ಇಷ್ಟ್ ದೊಡ್ಡದನ್ನ," ಎಂದರು, "ಹೆಂಗ ಕಳಕೊಂಡ್ರಿ ಅಳಿಯಾರ?"